ಬಸಿಯುವ ದಾರಿ

ಬೆಳಿಗ್ಗೆ ಏಳಕ್ಕೆ ನನ್ನ ರಾತ್ರಿ ಪಾಳಿ ಮುಗಿಯುತ್ತದೆ,
ಎಂಟಕ್ಕೆ ಯಾರ್ಮಿಲಾಳ ಕಂಪ್ಯೂಟರಿನ ಹಗಲು ಪಾಳಿ ಶುರು.
ಪೊರುಬಾದ ಐದನೇ ಮಹಡಿ, ಒಂದೇ ಕೋಣೆ:
ಈ ಮೂಲೆಯಲ್ಲಿ ನಾನು ಮಲಗಬೇಕು,
ಆ ಮೂಲೆಯಲ್ಲಿ ಅವಳ ಅನಿಮೇಶನ್ ಚಿತ್ರದ ನರಿಗೆ
ಎಳೆ ಎಳೆಯಾಗಿ ರೋಮ ಮೂಡಬೇಕು.
ನರಿಗೆ ರೋಮ ಮೂಡುವ ಸದ್ದು
ಹಿಟ್ಟಿನ ಗಿರಣಿಯದು.

ನೀರು ಹಾಯಿಸೋಣ, ಅಂದೆ.
ಕರೆಂಟಿನ ಪಕ್ಕ ನೀರಾ, ಅಂದಳು.
ನನ್ನ ಕಸುಬೇ ಅದಲ್ಲವೇ?
ಕೊಳವೆ, ಪಂಪು, ಸೋಸುವ ಜಾಲರಿ, ಗುಳ್ಳೆಗೆ ಕಾವಲು;
ಓಸ್ತ್ರಾವಾದ ಡಯಾಲಿಸಿಸ್ ವಾರ್ಡಿನಲ್ಲಿ ಹನ್ನೆರಡು ವರ್ಷ
ಜನರ ರಕ್ತವನ್ನು ಹೊರಗೆ ಒಂದು ಸುತ್ತು ಕರೆದೊಯ್ದು
ಜೋಪಾನವಾಗಿ ಮನೆ ಮುಟ್ಟಿಸುವವನು ನಾನು.

ಚೌಕುಳಿ ಹಾಳೆಯ ಮೇಲೆ ಗೀಚಿದೆ.
ತೊಟ್ಟಿ ಮೇಲೆ, ಪಂಪು ಅದರ ಅಡಿಗೆ
(ಪಂಪಿಗೆ ಬಾಯಾರಬಾರದು, ಒಣಗಿ ತಿರುಗಿದರೆ ಸತ್ತಿತು);
ಪ್ರೊಸೆಸರಿನ ನೆತ್ತಿಗೊಂದು ತಾಮ್ರದ ಬಿಲ್ಲೆ,
ನರಿಯನ್ನು ನೇಯುವ ಕಾರ್ಡಿಗೆ ಇನ್ನೊಂದು,
ಪೆಟ್ಟಿಗೆಯ ಸೂರಿಗೆ ರೇಡಿಯೇಟರು, ಮೂವತ್ತಾರು ಸೆಂಟಿಮೀಟರು.
ಅಲ್ಯುಮಿನಿಯಂ ಬೇಡ:
ತಾಮ್ರದ ಜೊತೆ ಒಂದೇ ನೀರಲ್ಲಿಟ್ಟರೆ
ಸದ್ದಿಲ್ಲದೆ ಸವೆದುಹೋಗುತ್ತದೆ.
ಸಂಸಾರಗಳಲ್ಲೂ ನೋಡಿದ್ದೇನೆ.

ಯಾವುದರ ನಂತರ ಯಾವುದು ಎಂದು ಮೂರು ರಾತ್ರಿ ತಲೆ ಕೆಡಿಸಿಕೊಂಡೆ.
ಆಮೇಲೆ ತಿಳಿಯಿತು, ಸುತ್ತುವ ನೀರಿಗೆ
ಪಂಕ್ತಿಭೇದವಿಲ್ಲ,
ಸ್ವಲ್ಪ ಹೊತ್ತಿಗೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಬಿಸುಪು.

ನಾಲ್ಕನೇ ಕುರ್ಚಿಯ ಅಲೋಯಿಸ್ ಕುದೇಲಾ,
ಸೋಮ ಬುಧ ಶುಕ್ರ ರಾತ್ರಿಗಳ ಗಿರಾಕಿ.
ಮೂವತ್ತು ವರ್ಷ ಕಲ್ಲಿದ್ದಲ ಗಣಿಯ ತಳದಲ್ಲಿ
ನೀರೆತ್ತುವ ಪಂಪು ಕಾದವರು.
ಈಗ ಅವರಿಗೆ ದಿನಕ್ಕೆ ಮುಕ್ಕಾಲು ಲೀಟರು ನೀರು,
ಸೂಪು, ಕಾಫಿ, ಮಾತ್ರೆಯ ಗುಟುಕು ಎಲ್ಲ ಸೇರಿ.
ಸೂಜಿಯಿಲ್ಲದ ಬಲಗೈ ಚಾಚಿ,
"ಏನದು, ತಾ ಇಲ್ಲಿ."
ಕೊಟ್ಟೆ.
"ಎಷ್ಟು ಹಿಡಿಯುತ್ತೆ?"
ನಾಲಿಗೆ ತಡವರಿಸಿತು. "ಒಂದು ಲೀಟರು."

ಸ್ವಲ್ಪ ಹೊತ್ತು ಅವರ ಯಂತ್ರವಷ್ಟೇ ಮಾತಾಡಿತು.
"ಭಟ್ಟಿ ಇಳಿಸಿದ ನೀರು," ಎಂದು ಸೇರಿಸಿದೆ,
"ಕುಡಿದರೆ ರುಚಿಯಿರಲ್ಲ."
ಯಾಕೆ ಸೇರಿಸಿದೆನೋ.

ಅವರು ಹಾಳೆಯನ್ನು ದೀಪಕ್ಕೆ ಹಿಡಿದಿದ್ದರು.
"ಒಳಗೆ ಹೇಗೆ ಬರುತ್ತೆ, ಬರೆದಿದ್ದೀಯ.
ಹೊರಗೆ?
ನೀರು ಹಳಸಿದ ದಿನ ಏನು ಮಾಡ್ತೀಯ,
ಪೆಟ್ಟಿಗೆಯನ್ನು ಬಚ್ಚಲಿಗೆ ಹೊತ್ತು ಬೋರಲು ಹಾಕ್ತೀಯಾ?"
ನನ್ನ ಪೆನ್ನು ಕಿತ್ತುಕೊಂಡು, ನಡುಗುತ್ತ, ನಿಧಾನಕ್ಕೆ,
ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ
ಒಂದು ಕವಲು, ಕವಲಿನ ತುದಿಗೊಂದು ಪುಟ್ಟ ನಲ್ಲಿ.
"ಗಣಿಗಿಳಿದ ಮೊದಲ ದಿನ ಮೇಸ್ತ್ರಿ ಹೇಳಿದ್ದು:
ನೀರು ನಿನ್ನ ಕೇಳಿ ಬರಲ್ಲ,
ಕಳಿಸುವ ದಾರಿ ಮೊದಲು ಮಾಡಿಟ್ಟಿರು."

ಹನ್ನೆರಡು ವರ್ಷ ಕಳಿಸುವುದನ್ನೇ ಮಾಡಿದವನು
ನನ್ನ ನಕ್ಷೆಯಲ್ಲಿ ಅದನ್ನೇ ಮರೆತಿದ್ದೆ.

ಮೂರು ಗಂಟೆಗೆ ಸೂಜಿ ತೆಗೆದು, ಹತ್ತಿ ಒತ್ತಿ,
ತೋಳು ಹಿಡಿದು ತಕ್ಕಡಿಯ ಮೇಲೆ ನಿಲ್ಲಿಸಿದೆ.
ಬಂದಾಗಿನದಕ್ಕಿಂತ
ಎರಡು ಕಿಲೋ ಮುನ್ನೂರು ಗ್ರಾಂ ಹಗುರ.
"ನಿನ್ನ ಲೆಕ್ಕದಲ್ಲಿ ಎಷ್ಟು ಕಂಪ್ಯೂಟರು?"
"ಎರಡು. ಮೇಲೆ ಸ್ವಲ್ಪ ಮಿಗುತ್ತೆ."
"ಮಿಕ್ಕಿದ್ದು ಸೂಪು," ಅಂದರು ಕೋಟಿನ ಗುಂಡಿ ಹುಡುಕುತ್ತ.
"ನಿನ್ನೆ ಮಗಳು ಮಾಡಿದ್ದಳು. ಬರೆದುಕೋಬೇಡ."

ಬರೆದುಕೊಳ್ಳಲಿಲ್ಲ.
ಟ್ರಾಮಿನಲ್ಲಿ ಕೂತು ಸಾಮಾನಿನ ಪಟ್ಟಿಗೆ ಸೇರಿಸಿದೆ:
ಕವಲು ಒಂದು, ನಲ್ಲಿ ಒಂದು,
ಸೋರಿಕೆ ನೋಡಲು ಅಡಿಗೆ ಹಾಸುವ ಕಾಗದ, ಎರಡು ಸುರುಳಿ.
ಮನೆಗೆ ಬಂದರೆ ನರಿಗೆ ಬಾಲವೊಂದು ಬಾಕಿ,
ಬಾಲದಲ್ಲೇ ರೋಮ ಹೆಚ್ಚಂತೆ.
ಕಿವಿಗೆ ಹತ್ತಿ ತುರುಕಿಕೊಂಡು
ಗೋಡೆಯ ಕಡೆ ಮಗ್ಗುಲಾದೆ.